ಕಳಚುವ ಬಾಗಿಲು

ತಗ್ಗಿನ ಕೇರಿಯಿಂದ ಕಾಯಿಲೆಯವರೊಬ್ಬರನ್ನು ಆಸ್ಪತ್ರೆಗೆ ಸಾಗಿಸಬೇಕೆಂದರೆ ಇಷ್ಟು ಖರ್ಚು: ಒಂದು ಬಾಗಿಲು, ನಾಲ್ಕು ಹೆಗಲು, ಹೆಗಲು ಬದಲಿಸಲು ಇನ್ನಿಬ್ಬರು, ಎರಡು ಹಗ್ಗ, ಅಷ್ಟೂ ಜನರ ಅವತ್ತಿನ ಕೂಲಿ. ಮಳೆ ಬಂದಿದ್ದರೆ ಅದರ ಮೇಲೆ ಒಂದು ಜೊತೆ ಚಪ್ಪಲಿ. ಏರಿನ ಕೆಸರು ಯಾರದ್ದಾದರೂ ಚಪ್ಪಲಿಯನ್ನು ನುಂಗದೆ ಬಿಡುತ್ತಿರಲಿಲ್ಲ. ಮೇಲಿನ ಬೀದಿಯಿಂದ ಸಾಗಿಸಬೇಕೆಂದರೆ ಖರ್ಚು ಒಂದು ಫೋನು.

ಆಂಬುಲೆನ್ಸ್ ಮೋರಿಯ ತನಕ ಬರುತ್ತಿತ್ತು. ಮೋರಿಯ ಒಂದು ಮಗ್ಗುಲು ಕುಸಿದು ಬಹಳ ಕಾಲವಾಗಿತ್ತು. ಮನುಷ್ಯರು ದಾಟಬಹುದು, ಗಾಡಿ ದಾಟುವುದಿಲ್ಲ. ಮೋರಿಯಾಚೆ ಇಳಿಜಾರಿನ ಕೊನೆಗೆ ಕೇರಿ. ಕಲ್ಲು ಒಡೆಯುವವರು, ಚರಂಡಿ ತೋಡುವವರು, ಗಾರೆಯವರು, ಮೇಲಿನ ಮನೆಗಳ ನೆಲ ಒರೆಸುವವರು ಅಲ್ಲಿದ್ದರು. ಊರು ಚೊಕ್ಕಟವಾಗಿತ್ತು. ಚೊಕ್ಕಟ ಮಾಡುವವರು ತಗ್ಗಿನಲ್ಲಿದ್ದರು.

ಬಾಗಿಲು ಬಾಗಿಲಕ್ಕನದು. ಅವಳ ಗಂಡ ಬಡಗಿಯಾಗಿದ್ದ. ಕೇರಿಯ ಉಳಿದ ಮನೆಗಳಿಗೆ ತಗಡು, ಪ್ಲೈವುಡ್ ತುಂಡು, ಹಳೆಯ ಗೋಣಿ. ಇವಳ ಮನೆಗೆ ಮಾತ್ರ ಗಟ್ಟಿ ಮರದ, ಆಳುದ್ದದ ಬಾಗಿಲು. ಅವನಿಗೆ ಎದೆ ಹಿಡಿದುಕೊಂಡ ದಿನ ಅದರ ಮೇಲೆ ಮೊದಲು ಮಲಗಿದವನು ಅವನೇ. ಅವನ ಕೈಕೆಲಸ ಎಷ್ಟು ಬಿಗಿ ಎಂದರೆ ಹಾರೆ ಹಾಕಿ ಮೀಟಿದರೂ ತಿರುಗುಣಿ ಬಿಡಲಿಲ್ಲ. ಬಾಗಿಲು ಕೈಗೆ ಬರುವಷ್ಟರಲ್ಲಿ ಅವನ ತುಟಿ ನೀಲಿಯಾಗಿತ್ತು. ಮೋರಿ ತಲುಪುವ ಮೊದಲೇ ಮುಗಿದುಹೋದ.

ಆಮೇಲೆ ಅವಳು ಪೇಟೆಯ ಬಡಗಿಯೊಬ್ಬನನ್ನು ಕರೆಸಿ, ಮೇಲಕ್ಕೆ ಎತ್ತಿದರೆ ಸಾಕು, ಕಳಚಿ ಬರುವಂಥ ತಿರುಗುಣಿ ಹಾಕಿಸಿದಳು.

"ಹೀಗೆ ಹಾಕಿದ್ರೆ ಕಳ್ಳನಿಗೂ ಸುಲಭ ಆಗುತ್ತೆ ಕಣಮ್ಮ" ಎಂದ ಅವನು.

"ಬರ್ಲಿ ಬಿಡಪ್ಪ. ಅವನದ್ದೂ ಒಂದು ಹೆಗಲಾಯ್ತು" ಎಂದಳು.

ಹೀಗೆ ಅವಳು ಬಾಗಿಲಕ್ಕ ಆದಳು. ಆ ಬಾಗಿಲಿಗೆ ಒಂದು ರೀತಿಯೂ ಬೆಳೆಯಿತು. ಯಾರೂ ಬಂದು ಕೇಳುತ್ತಿರಲಿಲ್ಲ. ಕೇರಿಯ ಯಾವ ಮೂಲೆಯಿಂದಲಾದರೂ "ಅಕ್ಕಾ, ಬಾಗಿಲು" ಎಂದು ಕೂಗಿದರೆ ಆಯಿತು, ಅವರು ಓಡಿ ಬರುವ ಹೊತ್ತಿಗೆ ಅವಳು ಕಳಚಿ ನಿಲ್ಲಿಸಿರುತ್ತಿದ್ದಳು. ಕಾಯಿಲೆಯವರ ತಲೆ ಅಗುಳಿಯ ಕಡೆಗೆ, ಕಾಲು ಹೊಸ್ತಿಲ ಕಡೆಗೆ. ಬೀಗದ ತೂತಿನಲ್ಲಿ ಹಗ್ಗ ತೂರಿಸಿ ಎದೆಯ ಮೇಲೆ ಒಂದು ಕಟ್ಟು. ವಾಪಸು ತಂದವರು ಬಾಗಿಲನ್ನು ಸೋಪು ಹಾಕಿ ತೊಳೆದು, ಒರೆಸಿ, ಅವರೇ ಕೂರಿಸಿ ಹೋಗಬೇಕು. ಅಲ್ಲಿಯವರೆಗೆ ಅವಳ ಮನೆ ಬಟಾಬಯಲು. ಅಷ್ಟು ವರ್ಷದಲ್ಲಿ ಒಂದು ಚಮಚವೂ ಕಳುವಾಗಿರಲಿಲ್ಲ. ಕೇರಿಯಲ್ಲಿ ಅವಳ ಮಾತಿಗೆ ತೂಕವಿತ್ತು. ಆ ತೂಕ ಬಂದದ್ದು ಬಾಗಿಲಿನಿಂದಲೇ ಎಂಬುದು ಅವಳಿಗೂ ಗೊತ್ತಿತ್ತು.

ಅವಳ ಕೂಲಿ ಮೇಲಿನ ಸಮುದಾಯ ಭವನದಲ್ಲಿ. ಬೆಳಿಗ್ಗೆ ಗುಡಿಸಿ ಒರೆಸುವುದು, ಸಭೆಗೆ ಮೊದಲು ಕುರ್ಚಿ ಬಿಡಿಸುವುದು, ಸಭೆಯ ನಂತರ ಮಡಿಸುವುದು, ಕಕ್ಕಸು ತೊಳೆಯುವುದು. ಭವನದ ಬೀಗದ ಕೈ ಅವಳ ಸೊಂಟದಲ್ಲಿತ್ತು. ಅಲ್ಲಿನ ಯಾವ ಕುರ್ಚಿಯ ಕಾಲು ಲಟಪಟ ಎನ್ನುತ್ತದೆ ಎಂದು ಅವಳಿಗೆ ಗೊತ್ತು. ಅದರಲ್ಲಿ ಕೂತು ಗೊತ್ತಾದದ್ದಲ್ಲ, ಹೊತ್ತು ಗೊತ್ತಾದದ್ದು.

ಒಳ್ಳೆಯ ಊರಿಗೆ ಬಹುಮಾನ ಕೊಡುತ್ತಾರಂತೆ ಎಂದು ಸುದ್ದಿ ಬಂತು. ಅದಕ್ಕೆ ಮುಂಚೆ ಮೇಲಿನ ಕಚೇರಿಯಿಂದ ಅಧಿಕಾರಿಯೊಬ್ಬರು ಬಂದು, ಊರಿನ ಸೌಕರ್ಯ ಹೇಗಿದೆ, ಜನ ಹೇಗೆ ಕೂಡಿ ಬಾಳುತ್ತಾರೆ ಎಂದು ನಿವಾಸಿಗಳ ಬಾಯಿಂದಲೇ ಕೇಳುತ್ತಾರಂತೆ. ಎಲ್ಲ ಬೀದಿಗಳಿಂದಲೂ ಒಬ್ಬೊಬ್ಬರು ಮಾತಾಡಬೇಕು. ತಗ್ಗಿನಿಂದಲೂ ಒಬ್ಬರು.

"ಇನ್ಯಾರು, ನಮ್ಮ ಬಾಗಿಲಕ್ಕನೇ" ಎಂದ ಗಾರೆಯವನು. ಅವನು ಪಕ್ಕದ ಮನೆಯವನು, ತಾಯಿಯ ಜೊತೆ ಇದ್ದ. "ಆ ಭವನದಲ್ಲಿ ದಿನಾ ಓಡಾಡೋಳು. ನಾವು ಹೋದ್ರೆ ಬಾಗಿಲಲ್ಲೇ ನಾಲಿಗೆ ಕಳಚಿ ಇಟ್ಟು ಹೋಗ್ತೀವಿ."

"ಏನೂ ಬೇಡ, ಮೋರಿ ಒಂದು ಕೇಳು" ಎಂದಳು ಅವನ ತಾಯಿ. ಬಾಗಿಲಕ್ಕ ಅವಳನ್ನು ದೊಡ್ಡಮ್ಮ ಎನ್ನುತ್ತಿದ್ದಳು. "ನಾನು ಸತ್ತ ಮೇಲೆ ಹೊತ್ತುಕೊಂಡು ಹೋಗ್ಲಿ, ಬೇಡ ಅನ್ನೋಕೆ ನಾನಿರಲ್ಲ. ಬದುಕಿದ್ದಾಗ ಒಂದ್ಸಲ ಕೂತ್ಕೊಂಡು ಹೋಗೋ ಆಸೆ ನನಗೆ."

ಸಭೆಯ ದಿನ ಭವನದ ಮಾಡಿಗೆ ಧ್ವನಿವರ್ಧಕ ಕಟ್ಟಿದ್ದರು. ಕೇರಿಯವರು ಕೆಲಸ ಬಿಟ್ಟು ಮೋರಿಯ ಕಟ್ಟೆಯ ಮೇಲೆ ಬಂದು ಕೂತರು. ಅಲ್ಲಿಗೆ ಎಲ್ಲ ಕೇಳಿಸುತ್ತಿತ್ತು.

ಬಾಗಿಲಕ್ಕ ಬೆಳಿಗ್ಗೆಯೇ ಹೋಗಿ ನೆಲ ಒರೆಸಿ, ಕುರ್ಚಿ ಬಿಡಿಸಿ, ಕೈಕಾಲು ತೊಳೆದುಕೊಂಡು ಗೋಡೆಗೆ ಒರಗಿ ನಿಂತಿದ್ದಳು. ಊರ ಸಮಿತಿಯ ಕಾರ್ಯದರ್ಶಿ ಅವಳನ್ನು ಕಂಬದ ಹಿಂದೆ ಕರೆದರು. ಕೆಟ್ಟ ಮನುಷ್ಯನಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಯಾರಿಗೂ ಗದರುತ್ತಿರಲಿಲ್ಲ.

"ಏನಮ್ಮ, ನಿನ್ನನ್ನು ನಾವು ಹೊರಗಿನೋಳು ಅಂತ ನೋಡಿದ್ದೀವಾ? ಬೀಗದ ಕೈ ಕೊಟ್ಟಿಲ್ವಾ?"

"ಕೊಟ್ಟಿದ್ದೀರಿ ಸಾರ್."

"ಹಾಗಾದ್ರೆ ಇವತ್ತು ಮನೆ ಮಾನ ಬೀದಿಗೆ ಹಾಕ್ಬೇಡ. ಬಹುಮಾನ ಬರ್ಲಿ. ಬಂದ್ರೆ ಮೊದಲು ನಿಮ್ಮ ಮೋರಿ. ನನ್ನ ಮಾತು."

ಮೋರಿಗೆಂದು ತರಿಸಿದ್ದ ಸಿಮೆಂಟು ಪಾರ್ಕಿನ ಕಬ್ಬಿಣದ ಬೆಂಚುಗಳ ಬುಡಕ್ಕೆ ಹೋಗಿತ್ತು. ಅದೂ ಇವರ ಮಾತಿನಿಂದಲೇ. ಅವಳಿಗೆ ಅದು ನೆನಪಿತ್ತು. ಆದರೂ ತಲೆ ಆಡಿಸಿದಳು. ಮೈಕ್ ಮುಂದೆ ನಿಂತಾಗ ಮೋರಿಯ ವಿಷಯವನ್ನೇ ಹೇಳಿದರಾಯಿತು ಎಂದುಕೊಂಡಿದ್ದಳು.

ಅಧಿಕಾರಿ ಹೆಂಗಸು. ನಿಧಾನ, ನಗುಮುಖ. ಒಬ್ಬೊಬ್ಬರಾಗಿ ಎದ್ದು ಮಾತಾಡಿದರು. ಬಸ್ಸು ತಡ ಎಂದು ನಿವೃತ್ತ ಮೇಷ್ಟ್ರು ಹೇಳಿದರು. ಬೀದಿ ದೀಪದ ಬೆಳಕು ಮಲಗುವ ಕೋಣೆಗೆ ಬೀಳುತ್ತದೆ ಎಂದು ಔಷಧಿ ಅಂಗಡಿಯವರು ಹೇಳಿದರು. ಪಾರ್ಕಿನ ಬೆಂಚು ಬಿಸಿಲಿಗೆ ಕಾಯುತ್ತದೆ, ಕೂರಲಾಗುವುದಿಲ್ಲ ಎಂದು ಅವರ ಹೆಂಡತಿ ಹೇಳಿದರು. ಎಲ್ಲರೂ ನಕ್ಕರು. ಅಧಿಕಾರಿಯೂ ನಕ್ಕರು.

"ಮುಂದೆ, ತಗ್ಗಿನ ಕೇರಿ."

ಬಾಗಿಲಕ್ಕ ಕುರ್ಚಿಗಳ ನಡುವೆ ನಡೆದಳು. ಔಷಧಿ ಅಂಗಡಿಯವರ ಹೆಂಡತಿ ಕೆಳಗಿಟ್ಟಿದ್ದ ಕೈಚೀಲವನ್ನು ಮಡಿಲಿಗೆ ಎತ್ತಿಕೊಂಡರು. ಬಾಗಿಲಕ್ಕ ತಿರುಗಿ ನೋಡಿದಳು. ಅವಳೇ ಒರೆಸಿದ ನೆಲದ ಮೇಲೆ ಅವಳ ಬರಿ ಪಾದದ ಗುರುತು ಸಾಲಾಗಿ ಬಂದಿತ್ತು. ಹಿಂದೆ ಯಾರೋ ಕೆಮ್ಮಿದರು. ಅದು ಕೆಮ್ಮೋ ನಗುವೋ ತಿಳಿಯಲಿಲ್ಲ.

"ಹೇಳಿ ಅಮ್ಮ. ಯಾರಿಗಾದ್ರೂ ಹುಷಾರಿಲ್ಲದೆ ಹೋದ್ರೆ ಆಸ್ಪತ್ರೆಗೆ ಹೇಗೆ ಹೋಗ್ತೀರಿ?"

ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಉತ್ತರ ಗಂಟಲಲ್ಲೇ ಇತ್ತು. ನನ್ನ ಮನೆಯ ಬಾಗಿಲು ಕಿತ್ತು ಅದರ ಮೇಲೆ ಮಲಗಿಸಿ, ಹಗ್ಗ ಕಟ್ಟಿ, ಹೆಣ ಹೊತ್ತ ಹಾಗೆ ಹೊರುತ್ತೇವೆ. ಅಷ್ಟೂ ಬಟ್ಟೆ, ಅಷ್ಟೂ ಕನ್ನಡಕ, ಅಷ್ಟೂ ಪಾಲಿಶ್ ಮಾಡಿದ ಚಪ್ಪಲಿ ಅವಳನ್ನೇ ನೋಡುತ್ತಿದ್ದವು. ಅದನ್ನು ಹೇಳುವುದೆಂದರೆ ಅಲ್ಲೇ ನಿಂತು ಉಟ್ಟಿದ್ದನ್ನು ಬಿಚ್ಚಿದಂತೆ ಎನ್ನಿಸಿತು.

"ಆಂಬುಲೆನ್ಸ್ ಬರುತ್ತೆ ಮೇಡಂ" ಎಂದಳು.

"ಕೇರಿಯೊಳಗೇ ಬರುತ್ತಾ?"

"ಒಳಗೇ ಬರುತ್ತೆ. ನಮಗೇನೂ ಕೊರತೆ ಇಲ್ಲ. ಎಲ್ರೂ ಚೆನ್ನಾಗಿ ನೋಡ್ಕೊಳ್ತಾರೆ."

ಚಪ್ಪಾಳೆ ಬಿತ್ತು. ಆ ಭವನದಲ್ಲಿ ಅವಳಿಗೆ ಬಿದ್ದ ಮೊದಲ ಚಪ್ಪಾಳೆ. ಒಂದು ಕ್ಷಣ ಅವಳಿಗೆ ಹಿತವಾಯಿತು. ಆಮೇಲೆ ಬಹಳ ದಿನ ಅವಳನ್ನು ಒಳಗೊಳಗೇ ಕೊರೆದದ್ದು ಆ ಹಿತ.

ಕುರ್ಚಿ ಮಡಿಸಿ ಬೀಗ ಹಾಕಿ ಬರುವಾಗ ಮೋರಿಯ ಕಟ್ಟೆ ಖಾಲಿಯಾಗಿತ್ತು. ಕೇರಿಯ ಬಾಯಲ್ಲಿ ಸೊಪ್ಪು ಮಾರುವವಳು ಬುಟ್ಟಿ ಇಟ್ಟುಕೊಂಡು ಕೂತಿದ್ದಳು.

"ಓ, ಬಂದ್ರಾ" ಎಂದಳು. "ಆಂಬುಲೆನ್ಸಲ್ಲಿ ಬಂದ್ರೋ, ನಡ್ಕೊಂಡೇ ಬಂದ್ರೋ?"

ಬಾಗಿಲಕ್ಕ ಅವಳನ್ನು ದಾಟಿ ನಡೆದಳು. ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹಗಲಲ್ಲಿ ಆ ಬಾಗಿಲು ಹಾಕಿದ್ದನ್ನು ಕೇರಿ ನೋಡಿದ್ದು ಅದೇ ಮೊದಲು. ಹೊಲಿಗೆ ಮೆಷಿನ್ ಮುಂದೆ ಕೂತಿದ್ದ ಮಗಳು ಕಾಲು ನಿಲ್ಲಿಸಿದಳು.

"ಯಾಕಮ್ಮ ಹಾಗೆ ಹೇಳ್ದೆ?"

"ನಾಚಿಕೆ ಆಯ್ತು ಕಣೆ."

"ಯಾರ ಮುಂದೆ?"

ಬಾಗಿಲಕ್ಕ ಒಲೆಯ ಕಡೆ ತಿರುಗಿದಳು. ಮಗಳು ಮತ್ತೆ ಮೆಷಿನ್ ತುಳಿದಳು. ಅವತ್ತು ಅದರ ಸದ್ದು ಜೋರಾಗಿತ್ತು.

ಕೇರಿ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಲ್ಲಿಯ ಹತ್ತಿರ ಅವಳ ಕೊಡಕ್ಕೆ ಜಾಗ ಬಿಟ್ಟರು. ಅಷ್ಟೇ, ಜಾಗ ಬಿಟ್ಟರು. ಮೊದಲು ಅವಳ ಕೊಡವನ್ನು ಯಾರೋ ಹಿಡಿದುಕೊಟ್ಟು ಸೊಂಟಕ್ಕೆ ಏರಿಸುತ್ತಿದ್ದರು. ಈಗ ಅವಳೇ ಎತ್ತಿಕೊಂಡಳು. ಸೊಪ್ಪಿನವಳು ಸೊಪ್ಪು ಕೊಟ್ಟಳು, ಒಂದು ಎಲೆ ಹೆಚ್ಚಿಗೆ ಹಾಕಲಿಲ್ಲ.

ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಕೊಡ ಬಿದ್ದ ಸದ್ದು. ಅದರ ಹಿಂದೆಯೇ ಕಿರುಚಾಟ. ದೊಡ್ಡಮ್ಮ ಪಾಚಿಯ ಮೇಲೆ ಜಾರಿ ಬಿದ್ದಿದ್ದಳು. ಬಾಗಿಲಕ್ಕ ಎದ್ದು ನಿಂತಳು. ಬಾಗಿಲ ಮೇಲೆ ಕೈಯಿಟ್ಟು ಕಾದಳು. 'ಅಕ್ಕಾ, ಬಾಗಿಲು' ಎಂಬ ಕೂಗಿಗೆ ಕಾದಳು. ಗದ್ದಲ ಕೇಳಿಸಿತು, ಓಡಾಟ ಕೇಳಿಸಿತು. ಆ ಕೂಗು ಬರಲಿಲ್ಲ.

ಅವಳೇ ಬಾಗಿಲು ಎತ್ತಿ ಕಳಚಿದಳು. ಎಳೆದುಕೊಂಡು ಓಡಿದಳು. ಗಾರೆಯವನು ತಾಯಿಯ ಮುಂದೆ ಬೆನ್ನು ಕೊಟ್ಟು ಕುಕ್ಕರುಗಾಲಲ್ಲಿ ಕೂತಿದ್ದ. ಇಬ್ಬರು ಅವಳನ್ನು ಎತ್ತಿ ಅವನ ಬೆನ್ನಿಗೆ ಹಾಕುತ್ತಿದ್ದರು.

"ಬೆನ್ನ ಮೇಲೆ ಬೇಡ ಕಣಪ್ಪ. ಸೊಂಟ ಮುರಿದಿದ್ರೆ ಕಷ್ಟ. ತಗೋ, ಇದರ ಮೇಲೆ ಮಲಗ್ಸು."

"ಬೇಡಕ್ಕ" ಎಂದ ಗಾರೆಯವನು. ಅವಳ ಮುಖ ನೋಡಲಿಲ್ಲ. "ನಿನ್ನ ಬಾಗಿಲು ನಿನ್ನ ಮನೆಗಿರ್ಲಿ. ನಮಗೇನೂ ಕೊರತೆ ಇಲ್ಲ."

ಎದ್ದು ಹೊರಟ. ದೊಡ್ಡಮ್ಮನ ಒಂದು ಕಾಲು ತನ್ನದಲ್ಲ ಎಂಬಂತೆ ಜೋತು ಬಿದ್ದಿತ್ತು. ಅವನ ಪ್ರತಿ ಹೆಜ್ಜೆಗೂ ಅವಳು ಕೂಗಿದಳು. ಬಾಗಿಲಕ್ಕ ಬಾಗಿಲನ್ನು ತಲೆಯ ಮೇಲೆ ಹೊತ್ತು ಹಿಂದೆ ನಡೆದಳು. ನಾಲ್ಕು ಜನ ಹೊರುವ ಮರ. ಕುತ್ತಿಗೆ ಒಳಗೆ ಇಳಿದುಹೋದಂತಾಯಿತು. ಅಂಚು ನೆತ್ತಿ ಕೊಯ್ದು ಹಣೆಯ ಮೇಲೆ ರಕ್ತ ಇಳಿಯಿತು. ಒರೆಸಲು ಕೈಗೆ ಬಿಡುವಿರಲಿಲ್ಲ. ಏರಿನಲ್ಲಿ ಎರಡು ಸಲ ಮಂಡಿಯೂರಿದಳು. ಹೊರುವುದನ್ನೇ ಕಸುಬು ಮಾಡಿಕೊಂಡ ಗಂಡಸರು ಅಕ್ಕಪಕ್ಕದಲ್ಲೇ ನಡೆಯುತ್ತಿದ್ದರು. ಯಾರೂ ಕೈ ಹಾಕಲಿಲ್ಲ. ಅವಳೂ ಕೇಳಲಿಲ್ಲ. ಮನಸ್ಸು ಬದಲಾಯಿಸಿಯಾನು, ಇಲ್ಲಾದರೂ ಮಲಗಿಸಿಯಾನು ಎಂದು ಅವನ ಬೆನ್ನನ್ನೇ ನೋಡುತ್ತ ನಡೆದಳು.

ಅವನು ಮಲಗಿಸಲಿಲ್ಲ. ಮೋರಿಯ ಆಚೆ ಆಂಬುಲೆನ್ಸ್ ನಿಂತಿತ್ತು. ದೊಡ್ಡಮ್ಮನನ್ನು ಹತ್ತಿಸಿಕೊಂಡ ಡ್ರೈವರ್ ಬಾಗಿಲು ಹೊತ್ತ ಹೆಂಗಸನ್ನು ನೋಡಿದ.

"ಏನಮ್ಮ, ಮನೆ ಖಾಲಿ ಮಾಡ್ತಿದ್ದೀಯಾ?"

ಗಾಡಿ ಹೋಯಿತು. ಜನ ಚದುರಿದರು. ಅವಳು ಬಾಗಿಲನ್ನು ಮೋರಿಗೆ ಒರಗಿಸಿ, ಅದರ ನೆರಳಲ್ಲಿ ಕೂತಳು. ಗಂಡನನ್ನು ಇಳಿಸಿದ್ದ ಜಾಗ ಅದೇ.

ದೊಡ್ಡಮ್ಮ ಪಟ್ಟಿ ಕಟ್ಟಿಸಿಕೊಂಡು ವಾಪಸು ಬಂದಳು. ಬಿದ್ದಾಗ ಬಿರುಕು ಬಿಟ್ಟ ಸೊಂಟದ ಮೂಳೆ ಹೊತ್ತು ತಂದಾಗ ಜರುಗಿದೆ, ಮಟ್ಟಸವಾಗಿ ಮಲಗಿಸಿ ತಂದಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದು ವೈದ್ಯರು ಹೇಳಿದರಂತೆ. ಸೊಪ್ಪಿನವಳು ಇದನ್ನು ಬಾಗಿಲಕ್ಕನ ಮನೆಯ ಮುಂದೆ ನಿಂತು, ಇನ್ಯಾರಿಗೋ ಹೇಳುವಂತೆ ಹೇಳಿದಳು.

ಬಹುಮಾನ ಬಂತು. ಕೊಡುವ ದಿನವೂ ಗೊತ್ತಾಯಿತು. ಕಾರ್ಯದರ್ಶಿ ಬಾಗಿಲಕ್ಕನನ್ನು ಕರೆದರು.

"ಅಧಿಕಾರಿಗಳಿಗೆ ನಿನ್ನ ಮಾತು ಬಹಳ ಹಿಡಿಸಿದೆಯಮ್ಮ. ಅದನ್ನೇ ಇನ್ನೊಂದ್ಸಲ ವೇದಿಕೆ ಮೇಲೆ ಹೇಳ್ಬೇಕು. ಒಳ್ಳೆ ಬಟ್ಟೆ ಹಾಕ್ಕೊಂಡು ಬಾ."

"ಮೋರಿ ಯಾವಾಗ ಸಾರ್?"

"ಬಹುಮಾನದ ದುಡ್ಡಲ್ಲಿ ಪಾರ್ಕಿಗೆ ಕಾರಂಜಿ ಕಟ್ಟೋದು ಅಂತ ಸಮಿತಿ ತೀರ್ಮಾನ ಮಾಡಿದೆ. ಮೋರಿ ಮುಂದಿನ ಸಲ. ನೀನೇ ಹೇಳಿದೀಯಲ್ಲ, ಗಾಡಿ ಒಳಗೇ ಬರುತ್ತೆ ಅಂತ. ಈಗ ಮೋರಿ ಮುರಿದಿದೆ ಅಂದ್ರೆ ನಮ್ಮೆಲ್ಲರ ಮರ್ಯಾದೆ ಏನಾಗ್ಬೇಕು?"

ಅವರು ಗದರಲಿಲ್ಲ. ನಿಜವಾಗಿಯೂ ಅರ್ಥವಾಗದವರಂತೆ ಕೇಳಿದರು.

ಆ ದಿನ ಅವಳು ಕುರ್ಚಿ ಬಿಡಿಸಿದಳು. ನೆಲ ಒರೆಸಿದಳು. ಬಟ್ಟೆ ಬದಲಿಸಲಿಲ್ಲ. ಕರೆದಾಗ ವೇದಿಕೆ ಹತ್ತಿದಳು. ನೆತ್ತಿಯ ಗಾಯ ಇನ್ನೂ ಮಾಗಿರಲಿಲ್ಲ.

"ಹೋದ ಸಲ ನಾನು ಹೇಳಿದ್ದು ಸುಳ್ಳು" ಎಂದಳು.

ಕಾರ್ಯದರ್ಶಿ ಕುರ್ಚಿಯಿಂದ ಎದ್ದರು.

"ಆಂಬುಲೆನ್ಸ್ ಕೇರಿಗೆ ಬರಲ್ಲ. ಮೋರಿ ಮುರಿದಿದೆ. ನಾವು ನನ್ನ ಮನೆ ಬಾಗಿಲು ಕಳಚಿ..."

ಟಕ್ ಎಂದಿತು. ಮೈಕ್ ಸತ್ತಿತು. ಕಾರ್ಯದರ್ಶಿಯ ಕೈ ಸ್ವಿಚ್ಚಿನ ಮೇಲಿತ್ತು. ಅವಳು ನಿಲ್ಲಿಸಲಿಲ್ಲ. ಬರಿಗಂಟಲಲ್ಲೇ ಗಟ್ಟಿಯಾಗಿ ಹೇಳಿದಳು.

"...ಬಾಗಿಲು ಕಳಚಿ ಅದರ ಮೇಲೆ ಮಲಗಿಸಿ ಹೊರ್ತೀವಿ. ನನ್ನ ಗಂಡ ಅದರ ಮೇಲೇ ಸತ್ತ. ನಿಮ್ಮ ಬೆಂಚಿನ ಕೆಳಗಿರೋದು ನಮ್ಮ ಮೋರಿ ಸಿಮೆಂಟು."

"ಅಮ್ಮ, ಇವತ್ತು ಅಭಿಪ್ರಾಯ ಕೇಳೋ ದಿನ ಅಲ್ಲ" ಎಂದರು ಅಧಿಕಾರಿ. ಈಗಲೂ ಮೆಲ್ಲಗೇ. "ಇವತ್ತು ಬರೀ ಅಭಿನಂದನೆ. ಅವತ್ತೇ ಹೇಳಬೇಕಿತ್ತು."

"ಹೌದು ಮೇಡಂ. ಅವತ್ತೇ ಹೇಳಬೇಕಿತ್ತು. ಅದು ನನ್ನ ತಪ್ಪು. ಮೋರಿ ನನ್ನ ತಪ್ಪಲ್ಲ."

"ಇಳಿಯಮ್ಮ ಕೆಳಗೆ, ಸಾಕು" ಎಂದರು ಕಾರ್ಯದರ್ಶಿ.

"ಇಳಿತೀನಿ ಸಾರ್. ನೀವೊಂದ್ಸಲ ನನ್ನ ಬಾಗಿಲ ಮೇಲೆ ಮಲಗಿ ನೋಡಿ. ಏರು ಹತ್ತಿಸಿ ತೋರಿಸ್ತೀವಿ. ಕೂಲಿ ಬೇಡ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕು, ತಕ್ಷಣ ನಿಲ್ಲಿಸಿದರು. ಕಾರ್ಯದರ್ಶಿ ಕೈ ಚಾಚಿದರು. ಏನು ಕೇಳುತ್ತಿದ್ದಾರೆ ಎಂದು ಅವಳಿಗೆ ತಿಳಿಯಿತು. ಸೊಂಟದ ಬೀಗದ ಕೈ ಬಿಚ್ಚಿ ಕೊಟ್ಟಳು. ಕುರ್ಚಿಗಳನ್ನು ಮಡಿಸದೆ ಹೊರಗೆ ನಡೆದಳು.

ಸುಳ್ಳನ್ನು ಧ್ವನಿವರ್ಧಕ ಕೇರಿಯ ತನಕ ತಲುಪಿಸಿತ್ತು. ಈ ಸಲ ಅದು ಅರ್ಧಕ್ಕೇ ಬಾಯಿ ಮುಚ್ಚಿತ್ತು. ಅರ್ಧವನ್ನು ಕೇಳಲೂ ಮೋರಿಯ ಕಟ್ಟೆಯ ಮೇಲೆ ಯಾರೂ ಬಂದಿರಲಿಲ್ಲ.

ಸಂಜೆ ಅವಳು ಗಾರೆಯವನ ಮನೆಯ ಮುಂದೆ ಹೋಗಿ ನಿಂತಳು. ಅವನು ಅಂಗಳದಲ್ಲಿ ಗಾರೆ ಮೆತ್ತಿದ ಕರಣೆ ತೊಳೆಯುತ್ತಿದ್ದ.

"ಹೇಳ್ಬಿಟ್ಟೆ ಕಣಪ್ಪ" ಎಂದಳು.

"ಏನು?"

"ನಿಜಾನ. ಭವನದಲ್ಲಿ."

"ಮೈಕ್ ಇತ್ತಾ?"

"ಆಫ್ ಮಾಡಿದ್ರು."

"ಹಾಗಾದ್ರೆ ನಮಗೆ ಕೇಳಿಸ್ಲಿಲ್ಲ" ಎಂದು ಅವನು ಕರಣೆ ತೊಳೆಯುವುದನ್ನು ಮುಂದುವರಿಸಿದ.

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅವಳು ಕೇರಿಯ ನಡುವಿಗೆ ಬಂದಳು. ವೇದಿಕೆ ಹತ್ತಿದ್ದು ಇದಕ್ಕಿಂತ ಸುಲಭವಿತ್ತು. ಅಲ್ಲಿದ್ದವರು ಅವಳನ್ನು ಬಲ್ಲವರಲ್ಲ. ಇಲ್ಲಿದ್ದವರು ಅವಳ ಗಂಡನನ್ನು ಹೊತ್ತವರು.

"ಎಲ್ರೂ ಕೇಳಿ" ಎಂದು ಕೂಗಿದಳು. "ನಾನು ಅವತ್ತು ಸುಳ್ಳು ಹೇಳಿದೆ. ಹೆದರಿ ಅಲ್ಲ. ನಮ್ಮ ಬಾಗಿಲು ಹೇಳ್ಕೊಳ್ಳೋಕೆ ನಾಚಿಕೆ ಆಯ್ತು. ಅವರ ಚಪ್ಪಾಳೆ ಹಿತ ಆಯ್ತು. ಅದಕ್ಕೆ ದೊಡ್ಡಮ್ಮನ ಸೊಂಟ ಹೋಯ್ತು."

ತಗಡುಗಳು ಸರಿದವು. ಗೋಣಿಗಳು ಸರಿದವು. ಮುಖಗಳು ಕಂಡವು. ಹೊಲಿಗೆ ಮೆಷಿನ್ ನಿಂತಿತ್ತು. ಮಗಳು ಹೊಸ್ತಿಲಲ್ಲಿ ನಿಂತಿದ್ದಳು.

ಗಾರೆಯವನ ಮನೆಯೊಳಗಿಂದ ದೊಡ್ಡಮ್ಮನ ಸ್ವರ ಬಂತು. "ಯಾರದು, ಏನಂತೆ? ಗಟ್ಟಿಯಾಗಿ ಹೇಳೋಕೆ ಹೇಳ್ರೋ. ನನ್ನ ಸೊಂಟದ ವಿಷಯ, ನನಗೇ ಕೇಳಿಸ್ಲಿಲ್ಲ."

ಬಾಗಿಲಕ್ಕ ಇನ್ನೊಮ್ಮೆ, ಮೊದಲಿಂದ, ಗಟ್ಟಿಯಾಗಿ ಹೇಳಿದಳು.

"ಆಯ್ತು ಬಿಡು" ಎಂದಿತು ಒಳಗಿನ ಸ್ವರ. "ಈಗ ಯಾರಾದ್ರೂ ನೀರು ಕೊಡಿ ನನಗೆ."

ಗಾರೆಯವನು ಕರಣೆ ಕೆಳಗಿಟ್ಟ. "ಪಾರ್ಕಿನ ಬೆಂಚಿಗೆ ಸಿಮೆಂಟು ಹಾಕಿದ್ದು ನಾನೇ ಅಕ್ಕ" ಎಂದ. ನೆಲ ನೋಡುತ್ತಲೇ ಹೇಳಿದ. "ಮೋರಿದು ಅಂತ ಗೊತ್ತಿತ್ತು. ಮಟ್ಟ ನೋಡಿ ಚೆನ್ನಾಗೇ ಹಾಕ್ದೆ."

ಪಟ್ಟಿ ಬಿಚ್ಚಿಸುವ ದಿನ ಬೆಳಿಗ್ಗೆ ಬಾಗಿಲಕ್ಕ ಒಲೆಯ ಮುಂದೆ ಕೂತಿದ್ದಳು. ಭವನಕ್ಕೆ ಹೋಗುವ ಕೆಲಸವಿರಲಿಲ್ಲ. ಹೊರಗಿಂದ ಗಾರೆಯವನ ಕೂಗು ಕೇಳಿಸಿತು.

"ಅಕ್ಕಾ, ಬಾಗಿಲು."

ಅವನು ಬರುವಷ್ಟರಲ್ಲಿ ಕಳಚಿ ನಿಲ್ಲಿಸಿದ್ದಳು. ದೊಡ್ಡಮ್ಮನನ್ನು ಮಲಗಿಸಿದರು, ತಲೆ ಅಗುಳಿಯ ಕಡೆಗೆ. ಸೊಪ್ಪಿನವಳು ಬೀಗದ ತೂತಿನಲ್ಲಿ ಹಗ್ಗ ತೂರಿಸಿದಳು. ಒಂದು ಮೂಲೆಗೆ ಬಾಗಿಲಕ್ಕನೇ ಹೆಗಲು ಕೊಟ್ಟಳು. ಯಾರೂ ಬೇಡ ಎನ್ನಲಿಲ್ಲ.

ಭವನದ ಕೆಲಸ ಹೋಯಿತು. ಬೀಗದ ಕೈ ಹೋಯಿತು. ಮೋರಿ ಹಾಗೇ ಇದೆ. ಪಾರ್ಕಿನಲ್ಲಿ ಕಾರಂಜಿ ಬಂತು. ದೊಡ್ಡಮ್ಮನ ಒಂದು ಕಾಲು ಗಿಡ್ಡವಾಯಿತು. ಅವಳು ಕುಂಟುತ್ತ ನಲ್ಲಿಗೆ ಬರುವಾಗ ಬಾಗಿಲಕ್ಕ ಈಗಲೂ ತಲೆ ತಗ್ಗಿಸುತ್ತಾಳೆ. ಪಟ್ಟಿ ಬಿಚ್ಚಿಸಿದ ದಿನ ಸಂಜೆ ಬಾಗಿಲು ವಾಪಸು ಬಂತು. ಸೋಪು ಹಾಕಿ ತೊಳೆದಿದ್ದರು.